ಪಕ್ಕದಲ್ಲಿ ನಿಂತ ತಮ್ಮ

ವಿಮಾನದಿಂದ ಇಳಿದ ಮೇಲೆ ಅಣ್ಣ ಮೊದಲು ಡಿಕ್ಕಿ ಹೊಡೆದದ್ದು ನೆಲ ಒರೆಸುವವಳ ಗಾಡಿಗೆ. ಬಕೆಟ್ಟಿನ ನೀರು ತುಳುಕಿ ಅವನ ಪ್ಯಾಂಟಿನ ಅಂಚು ಒದ್ದೆಯಾಯಿತು. "ಸಾರಿ ತಾಯಿ, ಸಾರಿ" ಎಂದ. ಆ ಹೆಂಗಸಿಗೆ ಮಾತು ಅರ್ಥವಾಗದಿದ್ದರೂ ಮುಖ ಅರ್ಥವಾಯಿತು. ನಕ್ಕು ಗಾಡಿ ತಳ್ಳಿಕೊಂಡು ಹೋದಳು. ನಗದೆ ಉಳಿದವನು ತಮ್ಮನೊಬ್ಬನೇ.

"ನೋಡ್ಕೊಂಡು ನಡಿಯೋಕೆ ಏನಣ್ಣಾ ಕಷ್ಟ? ಅಷ್ಟು ದೊಡ್ಡ ಗಾಡಿ, ಹಳದಿ ಬಣ್ಣ ಬೇರೆ!"

"ಎಲ್ಲಿಂದ ಬಂತೋ ಗೊತ್ತಾಗ್ಲಿಲ್ಲ ಕಣೋ."

"ಎಲ್ಲಿಂದಾನೂ ಬರ್ಲಿಲ್ಲ. ಅದು ಅಲ್ಲೇ ನಿಂತಿತ್ತು. ಹೋಗಿ ಗುದ್ದಿದ್ದು ನೀನು."

ಇಬ್ಬರೂ ಹೊರಟದ್ದು ತಂಗಿಯ ಮನೆಗೆ. ದೊಡ್ಡ ಕಾಯಿಲೆಯಿಂದ ಎದ್ದು ಕೂತಿದ್ದ ಅವಳು, "ಬಂದ್ರೆ ಇಬ್ಬರೂ ಒಟ್ಟಿಗೆ ಬನ್ನಿ, ಇಲ್ಲಾಂದ್ರೆ ಒಬ್ಬರೂ ಬರಬೇಡಿ" ಎಂದು ಹಟ ಹಿಡಿದಿದ್ದಳು. ತಮ್ಮನದು ಕನ್ನಡಕದ ಅಂಗಡಿ; ಸರಕು ತರಲು ಒಂದೆರಡು ಸಲ ವಿಮಾನ ಹತ್ತಿದ್ದ. ಅಣ್ಣ ಶಾಲೆಯ ವ್ಯಾನು ಓಡಿಸುತ್ತಿದ್ದವನು. ಮಕ್ಕಳು ಅವನನ್ನು ಬ್ರೇಕ್ ಮಾಮ ಎನ್ನುತ್ತಿದ್ದರು, ರಸ್ತೆಯಲ್ಲಿ ಬೆಕ್ಕು ಕಂಡರೂ ವ್ಯಾನು ನಿಲ್ಲಿಸುತ್ತಿದ್ದನೆಂದು. ಕಳೆದ ವರ್ಷ ಒಂದು ದಿನ ಇದ್ದಕ್ಕಿದ್ದ ಹಾಗೆ ವ್ಯಾನು ಬಿಟ್ಟು ಮನೆಯಲ್ಲಿ ಕೂತ. ಯಾಕೆಂದು ಕೇಳಿದವರಿಗೆಲ್ಲ ಮಂಡಿನೋವು ಎಂದ.

ಇಲ್ಲಿ ವಿಮಾನ ಬದಲಿಸಬೇಕಿತ್ತು. ಊರಿಗೆ ಊರೇ ಒಂದು ಸೂರಿನಡಿ ಬಂದು ಸೇರಿದಂಥ ನಿಲ್ದಾಣ. ತಲೆಯ ಮೇಲೆ ಬಾಣದ ಗುರುತುಗಳು, ಅಕ್ಷರ, ಅಂಕಿ; ಕೆಳಗೆ ನಾಲ್ಕೂ ಕಡೆಯಿಂದ ನುಗ್ಗುವ ಜನ, ಅವರ ಹಿಂದೆ ಗಡಗಡ ಉರುಳುವ ಪೆಟ್ಟಿಗೆಗಳು. ತಮ್ಮ ಮುಂದೆ ಮುಂದೆ, ಅಣ್ಣ ಹಿಂದೆ ಹಿಂದೆ. ಅಣ್ಣ ತಮ್ಮನ ಹೆಗಲುಚೀಲದ ಪಟ್ಟಿ ಹಿಡಿದುಕೊಂಡೇ ನಡೆಯುತ್ತಿದ್ದ. ತಮ್ಮ ಎರಡು ಸಲ ಕೊಸರಿಕೊಂಡರೂ ಮತ್ತೆ ಹಿಡಿದ.

"ಬಿಡು ಮಾರಾಯ, ಜನ ನೋಡ್ತಾರೆ. ಚಿಕ್ಕ ಮಗೂನಾ ನೀನು?"

ಅಣ್ಣ ಬಿಟ್ಟ. ಬಿಟ್ಟ ಸ್ವಲ್ಪ ಹೊತ್ತಿಗೇ ಸೆಂಟಿನ ಅಂಗಡಿಯ ಮುಂದೆ ನಿಂತಿದ್ದ ಹುಡುಗಿಯ ಮೊಣಕೈಗೆ ತಾಗಿದ. ಆಮೇಲೆ, ಕಾಲಿಟ್ಟರೆ ತಾನೇ ಒಯ್ಯುವ ಚಲಿಸುವ ದಾರಿಯ ಕೊನೆಯಲ್ಲಿ, ಪಕ್ಕದಲ್ಲಿ ನಿಂತಿದ್ದ ಪುಟ್ಟ ಹುಡುಗಿಯ ಪೆಟ್ಟಿಗೆ ಎಡವಿ ಅಂಗೈ ಊರಿ ಬಿದ್ದ. ಹುಡುಗಿ ಚೀರಿದಳು. ಅವಳ ಅಪ್ಪ ತನ್ನ ಭಾಷೆಯಲ್ಲಿ ಏನೇನೋ ಕೂಗಾಡಿದ. ಹಿಂದಿನವರು ಒಬ್ಬರ ಮೇಲೊಬ್ಬರು ಬಂದು ಬೀಳುವಂತಾಯಿತು. ತಮ್ಮ ಅಣ್ಣನ ತೋಳು ಹಿಡಿದು ಎಬ್ಬಿಸಿ ಗೋಡೆಯ ಪಕ್ಕಕ್ಕೆ ಎಳೆದೊಯ್ದ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು.

"ತಲೆ ಎಲ್ಲಿಟ್ಟಿರ್ತೀಯ ನೀನು? ನಿನ್ನ ಕರ್ಕೊಂಡು ಬಂದಿದ್ದೇ ನನ್ನ ತಪ್ಪು!"

ಅಣ್ಣ ಅಂಗೈ ಒರೆಸಿಕೊಂಡ. "ತಲೆ ಎಲ್ಲಿದೆ ಅಂತ ನಂಗೂ ಗೊತ್ತಾಗ್ತಿಲ್ಲ ಕಣೋ" ಎಂದ, ಮೆಲ್ಲಗೆ. ತಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರಕಟಣೆಯ ಪರದೆಯಲ್ಲಿ ಅವರ ವಿಮಾನದ ಗೇಟು ಬದಲಾಗಿತ್ತು. ಗಾಜಿನ ಗೋಡೆಯ ಎದುರು ಸಾಲಾಗಿದ್ದ ಕುರ್ಚಿಗಳಲ್ಲಿ ಒಂದಕ್ಕೆ ಅಣ್ಣನನ್ನು ಕೂರಿಸಿ, "ಇಲ್ಲಿಂದ ಅಲ್ಲಾಡಬೇಡ. ವಿಚಾರಿಸಿಕೊಂಡು ಬರ್ತೀನಿ" ಎಂದು ತಮ್ಮ ಹೋದ. ವಿಚಾರಣೆಯ ಮೇಜಿನಲ್ಲಿ ಹೆಚ್ಚು ಹೊತ್ತೇನೂ ಆಗಲಿಲ್ಲ. ಮೆಟ್ಟಿಲು ಇಳಿದು, ಒಳಗಿನ ರೈಲು ಹತ್ತಿ, ಆ ತುದಿಗೆ ಹೋಗಬೇಕೆಂದು ತಿಳಿಯಿತು, ಹೊತ್ತೂ ಸಾಕಷ್ಟಿತ್ತು. ಆದರೆ ಅವನು ಕೂಡಲೇ ಹಿಂತಿರುಗಲಿಲ್ಲ. ಕಾಫಿ ಕೊಂಡು, ಎತ್ತರದ ಸ್ಟೂಲಿನ ಮೇಲೆ ಕೂತು, ಆರಾಮವಾಗಿ ಕುಡಿದ. ಯಾರೂ ಪಟ್ಟಿ ಹಿಡಿದು ಜಗ್ಗುತ್ತಿರಲಿಲ್ಲ. ಅಣ್ಣನಿಗೊಂದು ಕಪ್ಪು ಒಯ್ಯಬೇಕೆಂದು ನೆನಪಾದದ್ದು ತನ್ನ ಕಪ್ಪು ಬರಿದಾದ ಮೇಲೆ. ಮತ್ತೆ ಸಾಲಿನಲ್ಲಿ ಯಾರು ನಿಲ್ಲುತ್ತಾರೆ ಎಂದು ಎದ್ದು ಬಂದ.

ಅಣ್ಣ ಹೇಳಿದ ಜಾಗದಲ್ಲೇ ಕೂತಿದ್ದ, ಎರಡೂ ಕೈ ತೊಡೆಯ ಮೇಲೆ, ನೋಟ ನೆಟ್ಟಗೆ ಗಾಜಿನಾಚೆ ನಿಂತ ವಿಮಾನದ ಕಡೆಗೆ. ತಮ್ಮ ಹೋಗಿ ಅವನ ಎಡಕ್ಕೆ, ಕೈಗೆಟುಕುವಷ್ಟು ಹತ್ತಿರ ನಿಂತ. ಅಣ್ಣ ತಿರುಗಲಿಲ್ಲ. ಬೈದದ್ದಕ್ಕೆ ಮುಖ ಊದಿಸಿಕೊಂಡಿದ್ದಾನೆ ಎಂದುಕೊಂಡ ತಮ್ಮ. ತಾನೇ ಮೊದಲು ಮಾತಾಡಲು ಮನಸ್ಸಾಗದೆ ಕೈ ಬೀಸಿದ. ಅಣ್ಣ ರೆಪ್ಪೆ ಕೂಡ ಅಲುಗಿಸಲಿಲ್ಲ. ಅದೇ ಹೊತ್ತಿಗೆ ಯಾರೋ ಹಿಂದಿನಿಂದ ಹಾದುಹೋದರು; ಅಣ್ಣ ಹೆಜ್ಜೆಯ ಸದ್ದಿಗೆ ಮುಖವೆತ್ತಿ, ಎದುರಿಗಿದ್ದ ಗಾಳಿಗೆ, "ಬಂದ್ಯೇನೋ?" ಎಂದ.

ತಮ್ಮ ಬೀಸುತ್ತಿದ್ದ ಕೈಯನ್ನು ಇಳಿಸಿದ.

ಒಂದು ಬೆರಳೆತ್ತಿ, ಅಣ್ಣನ ಕಿವಿಯ ಪಕ್ಕದಿಂದ ನಿಧಾನವಾಗಿ ಮುಂದಕ್ಕೆ ತಂದ. ಕೆನ್ನೆ ದಾಟಿತು. ಕಣ್ಣಿನ ಕೊನೆ ದಾಟಿತು. ಬೆರಳು ಮೂಗಿನ ನೇರಕ್ಕೆ ಬರುವವರೆಗೂ ಅಣ್ಣ ಅಲುಗಲಿಲ್ಲ, ಬಂದಾಗ ಬೆಚ್ಚಿಬಿದ್ದ.

"ಅಯ್ಯೋ! ಎಲ್ಲಿಂದ ಬಂದ್ಯೋ?"

ತಮ್ಮ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತ. ಎಲ್ಲಿಂದಲೂ ಬಂದಿರಲಿಲ್ಲ, ಅಲ್ಲೇ ನಿಂತಿದ್ದ.

ಕಳೆದ ವರ್ಷ ಅಣ್ಣ ಅಂಗಡಿಗೆ ಬಂದು, "ಕಣ್ಣು ಸ್ವಲ್ಪ ನೋಡೋ, ಯಾಕೋ ಅಲ್ಲಿ ಇಲ್ಲಿ ತಾಗ್ತೀನಿ" ಎಂದಿದ್ದ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ತಮ್ಮ ಅಕ್ಷರದ ಬೋರ್ಡಿನ ಎದುರು ಅವನನ್ನು ಕೂರಿಸಿದ್ದ. ಕಾಲೇಜಿನ ಹುಡುಗರು ತಡವರಿಸುವ ಕೊನೆಯ ಸಾಲನ್ನೂ ಅಣ್ಣ ಪಟಪಟ ಓದಿದ್ದ. "ಹದ್ದಿನ ಕಣ್ಣು ಅಣ್ಣಾ ನಿಂದು! ಕಣ್ಣಲ್ಲ ತೊಂದರೆ, ಗಮನ ಇಲ್ಲ ನಿಂಗೆ" ಎಂದು ಬೆನ್ನು ತಟ್ಟಿ ಕಳಿಸಿದ್ದ. ಬೋರ್ಡು ತೋರಿಸುವುದು ನೆಟ್ಟನೋಟವನ್ನು ಮಾತ್ರ. ಕಣ್ಣಿನ ಒತ್ತಡ ಏರಿದರೆ ಮೊದಲು ಸವೆಯುವುದು ಪಕ್ಕದ ನೋಟ. ಇದನ್ನು ಅವನು ಗಿರಾಕಿಗಳಿಗೆ ದಿನವೂ ಹೇಳುತ್ತಿದ್ದ: "ವಯಸ್ಸಾಯ್ತಲ್ಲ ಸರ್, ಒಮ್ಮೆ ಕಣ್ಣಿನ ಡಾಕ್ಟರ ಹತ್ರ ಒತ್ತಡ ನೋಡಿಸ್ಕೊಂಡು ಬನ್ನಿ." ಅವರ ಅಪ್ಪ ಕೊನೆಗಾಲದಲ್ಲಿ ಬಾಗಿಲು ಬಾಗಿಲಿಗೆ ಹಣೆ ಬಡಿದುಕೊಂಡು ಓಡಾಡಿದ್ದನ್ನೂ ಕಂಡಿದ್ದ. ಯಾರು ಯಾರಿಗೋ ಹೇಳಿದ ಮಾತನ್ನು ಒಡಹುಟ್ಟಿದವನಿಗೆ ಮಾತ್ರ ಹೇಳಿರಲಿಲ್ಲ.

"ಯಾಕೋ ಹಾಗೆ ಕೂತೆ? ಗೇಟು ಸಿಗ್ಲಿಲ್ವಾ?"

"ಸಿಕ್ತು. ಅಣ್ಣಾ… ಇದು ನಿನ್ನ ಕಣ್ಣಿಂದು. ನಿಂಗೆ ಪಕ್ಕದ್ದು ಕಾಣ್ತಿಲ್ಲ."

"ಕಣ್ಣು ಸರಿಯಾಗಿದೆ ಅಂದಿದ್ಯಲ್ಲ ನೀನೇ?"

"ತಪ್ಪು ಹೇಳ್ದೆ. ಸರಿಯಾಗಿ ನೋಡ್ಲೇ ಇಲ್ಲ."

ಅಣ್ಣನ ಮುಖ ನಿಧಾನವಾಗಿ ಅರಳಿದ್ದನ್ನು ಕಂಡು ತಮ್ಮನಿಗೆ ದಿಕ್ಕು ತೋಚಲಿಲ್ಲ.

"ಹಾಗಾದ್ರೆ ನನ್ನ ತಲೆ ಕೆಟ್ಟಿಲ್ವಾ?"

"ಏನು?"

"ಕಣ್ಣು ಸರಿ ಇದೆ ಅಂತ ನೀನಂದ ಮೇಲೆ ತಲೆದೇ ಇರ್ಬೇಕು ಅಂದ್ಕೊಂಡೆ ಕಣೋ. ಮರುಳು ಹಿಡಿತಾ ಇದೆ ಅಂತ. ನಿನ್ನ ಅತ್ತಿಗೆಗೂ ಹೇಳಿಲ್ಲ. ಒಂದು ದಿನ ಎದ್ದು ನಿಮ್ಮನ್ನೆಲ್ಲ ಯಾರು ಅಂತ ಕೇಳ್ಬಿಡ್ತೀನೋ ಏನೋ ಅಂತ ಹೆದರಿಕೆ." ಅವನು ನಕ್ಕೇಬಿಟ್ಟ. "ಕಣ್ಣು ತಾನೆ! ಕನ್ನಡಕ ಹಾಕ್ಕೊಂಡ್ರಾಯ್ತು."

ತಮ್ಮ "ಹೂಂ" ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಬದಲಿಗೆ ಎದ್ದು, ಅಣ್ಣನ ಕೈಯನ್ನು ತಾನೇ ಎತ್ತಿ ತನ್ನ ಹೆಗಲ ಮೇಲೆ ಇರಿಸಿಕೊಂಡ. "ಎಡಕ್ಕೆ ಕಂಬ." "ಮೆಟ್ಟಿಲು ಬಂತು." "ರೈಲಿನ ಬಾಗಿಲು, ಕಾಲೆತ್ತಿಡು." ಹೆಜ್ಜೆಹೆಜ್ಜೆಗೂ ಹೇಳುತ್ತಾ ಹೋದ. ಜನ ನೋಡಿದರು. ನೋಡಲಿ ಎಂದುಕೊಂಡ.

ವಿಮಾನದಲ್ಲಿ ಸೀಟಿನ ಪಟ್ಟಿ ಬಿಗಿದುಕೊಂಡ ಮೇಲೆ ತಮ್ಮ ಉಳಿದದ್ದನ್ನೂ ಹೇಳಿದ. ಹೋದ ನೋಟ ಕನ್ನಡಕದಿಂದ ಬರುವುದಿಲ್ಲ, ಯಾವುದರಿಂದಲೂ ಬರುವುದಿಲ್ಲ. ಇರುವುದನ್ನು ಔಷಧಿ ಹಾಕಿ ಉಳಿಸಿಕೊಳ್ಳಬಹುದು. ಕಳೆದ ವರ್ಷವೇ ಹಿಡಿದಿದ್ದರೆ ಇನ್ನಷ್ಟು ಉಳಿಯುತ್ತಿತ್ತು.

ಈ ಸಲ ಅಣ್ಣ ನಗಲಿಲ್ಲ. ಹೇಳಿದ: "ನಿನ್ನ ಅಂಗಡಿಗೆ ಬಂದಮೇಲೂ ವ್ಯಾನು ಓಡಿಸ್ದೆ, ಗೊತ್ತಾ? ನೀನು ಸರಿ ಅಂದ್ಯಲ್ಲ ಅಂತ ಧೈರ್ಯ. ಒಂದಿನ ಸೈಕಲಿನವನೊಬ್ಬ ಎಡಗಡೆ ಬಂದ. ಕೂದಲೆಳೆಯಲ್ಲಿ ತಪ್ಪಿತು. ಹಿಂದೆ ಮಕ್ಕಳು ಹಾಡ್ತಾ ಇದ್ವು. ಅವತ್ತೇ ಕೀಲಿಕೈ ವಾಪಸ್ ಕೊಟ್ಟೆ."

"ಬೈಯಿ ಅಣ್ಣಾ" ಎಂದ ತಮ್ಮ.

"ಬೈದ್ರೆ ಏನು ಬರುತ್ತೆ?" ಎಂದು ಅಣ್ಣ ಕಿಟಕಿಯ ಕಡೆ ತಿರುಗಿದ. ಊಟದ ತಟ್ಟೆ ಬಂದಾಗ ನೀರಿನ ಲೋಟಕ್ಕಾಗಿ ತಡಕಾಡಿದ. ತಮ್ಮ ಅದನ್ನು ಎದುರಿಗೆ ಸರಿಸಿದ.

ಹೊರಬಾಗಿಲಲ್ಲಿ ತಂಗಿ ಕಾದಿದ್ದಳು, ಸೊರಗಿದ್ದರೂ ಗೆಲುವಾಗಿ. ಅಣ್ಣನ ಕೈ ತಮ್ಮನ ಹೆಗಲ ಮೇಲಿರುವುದನ್ನು ನೋಡಿ ಗಾಬರಿಯಾದಳು. ತಮ್ಮ ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿದ: "ನನ್ನ ಕಣ್ಣಿಗೇನೋ ಆಗಿದೆ ಕಣೇ. ಇವನು ದಾರೀಲಿ ಹಿಡಿದುಬಿಟ್ಟ ನೋಡು, ಬರೀ ಒಂದು ಬೆರಳಲ್ಲಿ! ಕಸುಬು ಅಂದ್ರೆ ಇದಪ್ಪ."

ತಂಗಿ ತಮ್ಮನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಪುಣ್ಯ ಕಟ್ಕೊಂಡೆ ಕಣೋ" ಎಂದಳು.

ಮಾರನೆಯ ದಿನ ಕಣ್ಣಿನ ಡಾಕ್ಟರ ಮುಂದೆಯೂ ಅದೇ ಕಥೆ. ಎಡಗಣ್ಣಿನ ಪಕ್ಕದ ನೋಟ ಬಹುತೇಕ ಹೋಗಿದೆ, ಬಲಗಣ್ಣಿನದೂ ಸವೆದಿದೆ, ಉಳಿದದ್ದನ್ನು ಹನಿ ಔಷಧಿ ಹಾಕಿ ಕಾಪಾಡಿಕೊಳ್ಳಬಹುದು ಎಂದರು ಆ ಡಾಕ್ಟರಮ್ಮ. ಕಂಡುಹಿಡಿದವರು ಯಾರೆಂದು ಕೇಳಿದರು. "ನನ್ನ ತಮ್ಮ" ಎಂದ ಅಣ್ಣ, ಎದೆಯುಬ್ಬಿಸಿ. ಡಾಕ್ಟರಮ್ಮ ತಮ್ಮನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು.

ಹೊರಗೆ ಬಂದಮೇಲೆ ತಮ್ಮ, "ಹಾಗೆ ಹೇಳ್ಬೇಡ ಅಣ್ಣಾ, ಸಹಿಸೋಕಾಗಲ್ಲ" ಎಂದ.

"ಸಹಿಸ್ಕೋ" ಎಂದ ಅಣ್ಣ. ಅದು ಸಿಟ್ಟೋ ಅಕ್ಕರೆಯೋ ತಮ್ಮನಿಗೆ ತಿಳಿಯಲಿಲ್ಲ. ತಂಗಿಯ ಮನೆಗೆ ಮರಳಿದ ಮೇಲೆ ಅಣ್ಣ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತು, "ಹಾಕು, ಆ ಔಷಧಿ ಅದೇನಿದೆಯೋ" ಎಂದ. ತಮ್ಮ ರೆಪ್ಪೆ ಬಿಡಿಸಿ ಹಿಡಿದ. ಇಷ್ಟು ವರ್ಷ ಎಷ್ಟೋ ಜನರ ಕಣ್ಣಿನ ಮುಂದೆ ಕೂತಿದ್ದರೂ ಅವನು ಹಾಕಿದ ಮೊದಲ ಹನಿ ಕೆನ್ನೆಗೆ ಬಿತ್ತು.