ಮೂಗು ಸತ್ತವರ ಕೆಲಸ

"ಮೂಗು ಸತ್ತ ಭಾಡ್ಯಾ, ನಿನಗ್ಯಾವ ನಾತಲೇ? ಹಿಡಿ ಹಗ್ಗ!"

ನಿಂಬರ್ಗಾದ ಧಣಿ ಗೋವಿಂದರಾಯ ಎಸೆದ ಹಗ್ಗ ಹುಲೆಪ್ಪನ ಎದೆಗೆ ಬಡಿದು ಕೆಳಗೆ ಬಿತ್ತು. ಕೊಟ್ಟಿಗೆಯ ಹಿಂದಿನ ತಗ್ಗಿನಲ್ಲಿ ಎಮ್ಮೆ ಸತ್ತು ಮೂರು ದಿನವಾಗಿತ್ತು. ಹೊಟ್ಟೆ ಡೋಲಿನ ಹಾಗೆ ಉಬ್ಬಿತ್ತು.

ಕರೋನಾ ಬಿಟ್ಟುಹೋಗುವಾಗ ಹುಲೆಪ್ಪನ ಮೂಗನ್ನೂ ಅರ್ಧ ಉಸಿರನ್ನೂ ಎತ್ತಿಕೊಂಡು ಹೋಗಿತ್ತು. ತೊಗರಿ ಕೊಯ್ಯುವಾಗ ದಮ್ಮು ಹತ್ತಿ ಸಾಲಿಗೆ ಮೂರು ಸಲ ಕೂತರೆ "ಕಳ್ಳ ದಮ್ಮು" ಅನ್ನುತ್ತಿದ್ದ ಧಣಿ, ಮೂಗಿನ ಮಾತನ್ನು ಮಾತ್ರ ತಟ್ಟನೆ ನಂಬಿದ. ಅಂದಿನಿಂದ ಮೋರಿ, ಪಾಯಖಾನೆ ಗುಂಡಿ, ಸತ್ತ ನಾಯಿ, ಎಲ್ಲ ಅವನ ಪಾಲಿಗೇ. ಹೋದ ತಿಂಗಳು ಗುಂಡಿಗಿಳಿದವನು ಕಣ್ಣು ಕತ್ತಲಿಟ್ಟು ಬಿದ್ದಾಗ ಹೆಂಡತಿ ಮಲ್ಕಮ್ಮ ತೋಳು ಹಿಡಿದು ಮೇಲೆಳೆದಿದ್ದಳು. "ಇನ್ನೊಮ್ಮಿ ಇಳದ್ರ ನಿನ್ನ ಎಳಿಯಂಗಿಲ್ಲ, ಮ್ಯಾಲೆ ಮಣ್ಣು ಎಳೀತೇನಿ ನೋಡು" ಎಂದಿದ್ದಳು.

"ಧಣ್ಯಾರ, ಒಬ್ಬನ ಕೈಲಿ ಆಗಂಗಿಲ್ರಿ. ದಮ್ಮು ಹತ್ತತದ."

"ಈ ನಾತದಾಗ ಯಾಂವ ಬರ್ತಾನಲೇ? ನಿನ್ನಂಥ ಮೂಗು ಸತ್ತವ ಇನ್ನೊಬ್ಬ ಇದ್ರ ಕರಕೊಂಡು ಬಾ."

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಹಮೀದಾಬೇಗಂ ವಹಿ ಹಿಡಿದು, ದುಪಟ್ಟಾ ಮೂಗಿಗೆ ಒತ್ತಿಕೊಂಡು ಬಂದಳು. ಕರೋನಾ ಬಂದುಹೋದವರಲ್ಲಿ ಯಾರ್ಯಾರಿಗೆ ಇನ್ನೂ ತ್ರಾಸು ಉಳಿದಿದೆ ಎಂದು ಮನೆಮನೆ ತಿರುಗಿ ಬರೆದುಕೊಳ್ಳುತ್ತಿದ್ದಳು.

"ನಮ್ಮ ಮನ್ಯಾಗ ಎಲ್ಲಾರಿಗೂ ಬಂದಿತ್ತು. ಯಾರಿಗೂ ಏನೂ ಉಳದಿಲ್ಲ, ಬರ್ಕೋ" ಎಂದ ಧಣಿ.

"ನಿಮ್ಮ ಓಣ್ಯಾಗ ಎಲ್ಲಾರೂ ಹಿಂಗೇ ಹೇಳ್ತಾರ್ರಿ. ಹುಲೆಪ್ಪಣ್ಣನ ಓಣ್ಯಾಗ ತ್ರಾಸು ಉಳದವರು ಹನ್ನೊಂದು ಮಂದಿ ಆದ್ರು."

"ದೊಡ್ಡವರ ಮನ್ಯಾಗ ಕರೋನಾ ಭಾಳ ಮರ್ಯಾದಿಲೆ ನಡಕೊಂಡದ, ಹಮೀದಾ ಆಪಾ" ಹುಲೆಪ್ಪ ನಕ್ಕ. "ಏನೂ ಬಿಟ್ಟಿಲ್ಲ, ಏನೂ ಒಯ್ದಿಲ್ಲ. ಚಾ ಕುಡದು ಹೋಗ್ಯದ."

ಮೂಗು ಹೋದ ಮೇಲೆ ಹುಲೆಪ್ಪ ಮಂದಿಯ ಮುಖ ನೋಡಿ ವಾಸನೆ ತಿಳಿಯುವುದನ್ನು ಕಲಿತಿದ್ದ. ಪುಂಡಿಪಲ್ಯೆ ಹಳಸಿದೆಯೋ ಇಲ್ಲವೋ ಎಂಬುದನ್ನು ಮಲ್ಕಮ್ಮನ ಹುಬ್ಬೇ ಹೇಳುತ್ತಿತ್ತು. ಈಗ ಗಾಳಿ ತಿರುಗಿತು. ಹಮೀದಾಬೇಗಂ ಓಕರಿಸಿದಳು. ದೂರದಲ್ಲಿದ್ದ ಆಳುಗಳು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಕೊಟ್ಟಿಗೆಯ ಎತ್ತು ಕೂಡ ತಲೆ ಕೊಡವಿತು.

ಧಣಿ ಮಾತ್ರ ತಗ್ಗಿನ ಅಂಚಿನಲ್ಲೇ ನಿಂತು ಎಲೆಗೆ ಸುಣ್ಣ ಸವರುತ್ತಿದ್ದ.

ಹುಲೆಪ್ಪ ಅವನ ಮುಖ ನೋಡಿದ. ಇನ್ನೊಮ್ಮೆ ನೋಡಿದ. ಹೊಳ್ಳೆ ಅಲುಗಿರಲಿಲ್ಲ.

"ಧಣ್ಯಾರ, ಎಮ್ಮಿ ಹೆಂಗ ನಾರ್ಲಾಕತ್ತದ್ರಿ?"

"ಹೆಂಗ ಅಂದ್ರ... ಸತ್ತ ಎಮ್ಮಿ ನಾರಿದಂಗ!" ಧಣಿ ಗಡಬಡಿಸಿ ಶಲ್ಯದ ಚುಂಗನ್ನು ಮೂಗಿಗೆ ಒತ್ತಿದ. ಎಲೆ ಕೆಳಗೆ ಬಿತ್ತು. ಆಳುಗಳ ಟವೆಲ್ಲುಗಳು ನಗುವಿಗೆ ಕುಲುಕಿದವು.

ಹುಲೆಪ್ಪ ಹಗ್ಗದ ಒಂದು ತುದಿಯನ್ನು ಕೈಗೆ ಸುತ್ತಿಕೊಂಡ. ಇನ್ನೊಂದನ್ನು ಧಣಿಯ ಬಿಳಿ ಅಂಗಿಯ ಮುಂದೆ ಚಾಚಿದ.

"ಕರಕೊಂಡು ಬಾ ಅಂದ್ರಿ. ಸಿಕ್ಕಾರ. ಬರ್ರಿ, ಜೋಡಿ ಆತು."

"ಸೂಳೆಮಗನ, ನಾಲಗಿ ಕಿತ್ತು..."

"ನೀವು ಹಿಡದ್ರ ನಾನೂ ಹಿಡೀತೇನಿ. ಇಲ್ಲಾಂದ್ರ ಎಮ್ಮಿ ಇಲ್ಲೇ ಇರ್ಲಿ ಬಿಡ್ರಿ. ನಮ್ಮಿಬ್ಬರಿಗಂತೂ ತ್ರಾಸಿಲ್ಲ."

ಧಣಿಯ ಕೈ ಮೇಲೆದ್ದು ಅಲ್ಲೇ ನಿಂತಿತು. ಹಮೀದಾಬೇಗಂ ವಹಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ, ದುಪಟ್ಟಾದ ಒಳಗಿಂದಲೇ ಕೇಳಿದಳು:

"ನಿಮ್ಮ ಮೂಗು ಹೋಗಿ ಎಷ್ಟು ವರ್ಷ ಆತ್ರಿ, ರಾಯರ?"