ಒಂದು ಗೇಣು ನೀರು

ಛತ್ರದ ಮಂಟಪದ ಮೂರನೇ ಕಂಬದ ಹಿಂದೆ ಆ ಮನುಷ್ಯ ಇವತ್ತೂ ನಿಂತಿದ್ದ. ಪುಟ್ಟಯ್ಯ ತಿರುಗಿ ನೋಡಲಿಲ್ಲ. ನೋಡಿದರೆ, ನೋಡಿದ್ದು ಅವನಿಗೂ ಗೊತ್ತಾಗುತ್ತದೆ. ಹೊಳೆಯ ಕೊನೆಯ ಮೆಟ್ಟಿಲ ಮೇಲೆ ಪಾದ ಮುಳುಗುವಷ್ಟು ನೀರಲ್ಲಿ ನಿಂತು, ಪಂಚೆ ಎತ್ತಿ ಕಟ್ಟಿ, ಎದುರಿನ ಗುಂಡಿಯಲ್ಲಿ ನೆಟ್ಟಿದ್ದ, ನೀರಿನ ಮಟ್ಟ ತೋರಿಸುವ ಹಲಗೆಯತ್ತ ಬಗ್ಗಿದ. ಕಣ್ಣು ಕಿರಿದು ಮಾಡಿ ಅಂಕಿ ಓದಿದ. ನಂಬಿಕೆಯಾಗದೆ ಇನ್ನೊಮ್ಮೆ ಓದಿದ. ನಾಲ್ಕು ವರ್ಷದಲ್ಲಿ ಅವನು ಎರಡು ಸಲ ಓದಿದ್ದಿಲ್ಲ. ಬೆನ್ನ ಹಿಂದೆ ಕಣ್ಣಿದೆ ಅಂತ ಗೊತ್ತಾದ ಮೂರು ದಿನದಿಂದ ಹೀಗಾಗಿತ್ತು.

ಒಗೆಯುವ ಕಲ್ಲಿನ ಕಡೆಯಿಂದ ಈಶ್ವರಮ್ಮನ ದನಿ ಕೇಳಿತು. "ಹಾಲಕ್ಕ, ಬಂದ ನೋಡು ನಿನ್ ಗಂಡನ ಕಾವಲಿನೋನು. ಹೆಂಗಸ್ರು ಬಟ್ಟೆ ಒಗೆಯೋ ತಾವು ಕಂಬದ ಹಿಂದೆ ನಿಂತು ಏನ್ ನೋಡ್ತಾನೋ! ನಾವೇನ್ ಹದಿನಾರರ ಹುಡ್ಗೀರಾ?"

"ಸುಮ್ನಿರು ಮಾರಾಯ್ತಿ, ಕೇಳಿಸುತ್ತೆ," ಅಂದಳು ಪುಟ್ಟಯ್ಯನ ಹೆಂಡತಿ ಹಾಲಮ್ಮ, ಪಂಚೆ ಹಿಂಡುತ್ತ.

"ಕೇಳ್ಲಿ ಬಿಡು."

ನಾಲ್ಕು ವರ್ಷದ ಹಿಂದೆ ಆ ಹಲಗೆ ನೆಟ್ಟಾಗಲೂ ಈಶ್ವರಮ್ಮ ಸುಮ್ಮನಿರಲಿಲ್ಲ. ಐದಡಿಯ ಸಾಗುವಾನಿ ಹಲಗೆ, ಮೇಲೆ ಬಿಳಿ ಬಣ್ಣ, ಕೊರೆದ ಕರಿ ಅಂಕಿ. ಹೊಳೆ ನೀರಿಗೂ ಕಂದಾಯ ಹಾಕ್ತಾರೆ ಅಂತ ಅವಳೇ ಮೊದಲು ಸುದ್ದಿ ಹಬ್ಬಿಸಿದ್ದು. ಭದ್ರಾವತೀಲಿ ಭದ್ರೆ ಪಕ್ಕ ಕಾರ್ಖಾನೆ ಬಂದಂತೆ ಇಲ್ಲೂ ಬರುತ್ತೆ, ಈ ಮೆಟ್ಟಿಲು ಹೋಗುತ್ತೆ ಅಂದವರೂ ಇದ್ದರು. ನವುಲೆಯ ಪುಟ್ಟಯ್ಯ, ದಿನಾ ಬೆಳಿಗ್ಗೆ ನೀರು ಎಷ್ಟಿದೆ ಅಂತ ಬರೆದಿಡುವ ಕೆಲಸಕ್ಕೆ ಸೇರಿದವನು, ಎಲ್ಲರಿಗೂ ಒಂದೇ ಉತ್ತರ ಹೇಳುತ್ತಿದ್ದ. "ಊರಿಗೆ ನಲ್ಲಿ ಬರುತ್ತೆ ಕಣ್ರವ್ವಾ. ಮುಂದಿನ ಮೂವತ್ತು ವರ್ಷಕ್ಕೆ ಆಗೋ ಹಂಗೆ ನಕ್ಷೆ ಬರೀತಾರಂತೆ. ಹೊಳೆ ಎಷ್ಟು ಇಳಿಯುತ್ತೆ ಅಂತ ಅವರಿಗೆ ಗೊತ್ತಾಗ್ಬೇಡ್ವಾ?" ಯಾರೂ ನಂಬಲಿಲ್ಲ. ಆದರೆ ಪುಟ್ಟಯ್ಯ ತಪ್ಪಿಸಲಿಲ್ಲ. ಮಗಳನ್ನು ಸೋಗಾನೆಗೆ ಕೊಟ್ಟ ಮದುವೆಯ ದಿನ ಕೂಡ ತಲೆಗೆ ಪೇಟ ಸುತ್ತಿಕೊಂಡೇ ಬಂದು ಓದಿ, ಬರೆದು, ಆಮೇಲೆ ಧಾರೆಗೆ ಓಡಿದ್ದ.

ಕಂಬದ ಹಿಂದಿನ ಮನುಷ್ಯ ಇವತ್ತು ಹೊರಗೆ ಬಂದ. ಹೊಸದಾಗಿ ವರ್ಗವಾಗಿ ಬಂದಿದ್ದ ಓವರ್‌ಸೀಯರ್ ಷಡಕ್ಷರಪ್ಪ. ಬೂಟಿನ ಸದ್ದು ಮಾಡುತ್ತ ಮೆಟ್ಟಿಲಿಳಿದು ಕೈ ಚಾಚಿದ.

"ಪುಸ್ತಕ ಕೊಡಯ್ಯಾ. ಇವತ್ತೆಷ್ಟು?"

"ಎರಡಡಿ ಆರಿಂಚು ಸ್ವಾಮಿ."

ಷಡಕ್ಷರಪ್ಪ ಹಾಳೆ ಮಗುಚಿದ. ಅವನಿಗೆ ಬೇಕಾದ ಹಾಳೆ ಎಲ್ಲಿದೆ ಅಂತ ಮೊದಲೇ ಗೊತ್ತಿದ್ದಂತಿತ್ತು. "ಮೊದಲನೇ ಬೇಸಿಗೇಲಿ ತೀರಾ ಇಳಿದಾಗ ಒಂದಡಿ ಹತ್ತಿಂಚು. ಎರಡನೇದರಲ್ಲಿ ಒಂದಡಿ ಒಂಬತ್ತು. ಹೋದ ವರ್ಷ ಎರಡಡಿ ಒಂದು. ಹೋದ ವರ್ಷ ಹೊಳೆ ಅಷ್ಟು ತುಂಬಿತ್ತೇನಯ್ಯಾ?"

ಪುಟ್ಟಯ್ಯ ಬಾಯಿ ತೆರೆಯುವಷ್ಟರಲ್ಲಿ ಈಶ್ವರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. "ಹೋದ ವರ್ಷವಾ ಸ್ವಾಮಿ? ಅಗೋ, ಆ ಹಂಡೆ ಕಲ್ಲು ಕಾಣ್ತಿದೆಯಲ್ಲ, ಬೋರಲು ಹಾಕಿದ ಹಂಡೆ ಥರದ್ದು, ಅದು ಬುಡದ ತನಕ ಬಯಲಾಗಿತ್ತು. ನನ್ ಮಗಳ ಬಾಣಂತನ ಆಗ. ಅದರ ಪಕ್ಕ ಕೂತು ಕೂಸಿನ ಬಟ್ಟೆ ಒಗೆದಿದ್ದೀನಿ. ಈ ಊರಿಗೆ ಸೊಸೆಯಾಗಿ ಬಂದಮೇಲೆ ಅಷ್ಟು ಇಳಿದದ್ದು ನಾನು ಕಂಡೇ ಇಲ್ಲ!"

ಸರ್ಕಾರದವರು ತನ್ನನ್ನು ಒಂದು ಮಾತು ಕೇಳಿದ್ದಾರೆ ಅನ್ನುವ ಖುಷಿ ಅವಳಿಗೆ. ಹಾಲಮ್ಮ ಸೆರಗು ಹಿಡಿದು ಜಗ್ಗಿದ್ದು ಅವಳಿಗೆ ಗೊತ್ತೇ ಆಗಲಿಲ್ಲ.

"ಕೇಳಿಸ್ತೇನಯ್ಯಾ?" ಷಡಕ್ಷರಪ್ಪ ದನಿ ಏರಿಸಲಿಲ್ಲ. "ಊರಿನ ಹೆಂಗಸರಿಗೆ ಗೊತ್ತಿರೋದು ನಿನ್ನ ಪುಸ್ತಕಕ್ಕೆ ಗೊತ್ತಿಲ್ಲ. ಈ ಅಂಕಿ ನೋಡಿ ಬೆಂಗಳೂರಲ್ಲಿ ಕೊಳವೆ ಎಷ್ಟು ಆಳಕ್ಕಿಡಬೇಕು ಅಂತ ತೀರ್ಮಾನ ಮಾಡ್ತಾರೆ. ಇದನ್ನ ನಂಬಿ ಮೇಲಿಟ್ಟರೆ, ಹೋದ ವರ್ಷದಂಥ ಬೇಸಿಗೆ ಇನ್ನೊಂದು ಬಂದಾಗ ಪಂಪು ಗಾಳಿ ಕುಡಿಯುತ್ತೆ. ಆಗ ನೀನೂ ಇರಲ್ಲ, ನಾನೂ ಇರಲ್ಲ. ಊರಿಗೂರೇ ಕೊಡ ಹಿಡ್ಕೊಂಡು ನಿಂತಿರುತ್ತೆ."

"ಹಲಗೆ ಹೇಳಿದ್ದನ್ನ ಬರೆದಿದ್ದೀನಿ ಸ್ವಾಮಿ."

"ಮನೇಲಿ ಕೂತು ಬರೆದಿದ್ದೀಯ. ನಾಳೆ ಈ ಹಲಗೆ ಬದಲಿಗೆ ಭದ್ರಾವತಿಯಿಂದ ಎರಕದ ಕಂಬ ಬರುತ್ತೆ. ಅದನ್ನ ನೋಡೋಕೆ ಬೇರೆ ಆಳೂ ಬರ್ತಾನೆ. ನೀನು ಮಧ್ಯಾಹ್ನ ಆಫೀಸಿಗೆ ಬಂದು, ಹೋದ ವರ್ಷದ್ದು ನೋಡದೆ ಬರೆದೆ ಅಂತ ಒಂದು ರುಜು ಹಾಕು. ಸುಮ್ಮನೆ ಮನೆಗೆ ಕಳಿಸ್ತೀನಿ."

ನೋಡದೆ ಬರೆದೆ. ಪುಟ್ಟಯ್ಯನ ತುಟಿ ಆ ಎರಡು ಮಾತನ್ನು ಸದ್ದಿಲ್ಲದೆ ಆಡಿತು. ಆಮೇಲೆ ಅವನಿಗೆ ಏನೋ ನೆನಪಾಯಿತು. ಹೋದ ವರ್ಷ ಸಂಕ್ರಾಂತಿಯಲ್ಲಿ ಚಳಿಜ್ವರ ಬಂದು ಹನ್ನೆರಡು ದಿನ ಮಲಗಿದ್ದ. ಆಗ ಹಾಲಮ್ಮನೇ ಹೊಳೆಗೆ ಹೋಗುತ್ತಿದ್ದಳು. ಅವಳಿಗೆ ಅಂಕಿ ಬಾರದು. ಹಲಗೆಯ ತಲೆಯಿಂದ ನೀರಿನ ತನಕ ಒಂದು ಕೋಲು ಹಿಡಿದು, ನೀರು ಮುಟ್ಟಿದ ಕಡೆ ಗೀರು ಹಾಕಿ ತರುತ್ತಿದ್ದಳು. ಇವನು ಕಂಬಳಿಯೊಳಗಿಂದಲೇ ಅಳೆದು ಬರೆಯುತ್ತಿದ್ದ. ಅದರಲ್ಲಿ ಒಂದು ದಿನ ಹೊಳೆ ಗೇಣುದ್ದ ಏರಿಬಿಟ್ಟಿತ್ತು. ಶೃಂಗೇರಿ ಕಡೆ ಅಕಾಲದ ಮಳೆಯಂತೆ ಅಂತ ಯಾರೋ ಅಂದಿದ್ದರು. ಇರಬಹುದು ಅಂದುಕೊಂಡು ಬಿಟ್ಟಿದ್ದ.

ಅವನು ಹೆಂಡತಿಯ ಕಡೆ ತಿರುಗಿದ. "ನಿಜ ಹೇಳು. ಆ ಹನ್ನೆರಡು ದಿನ ನೀನು ಹೊಳೆಗೆ ಬಂದಿದ್ಯೋ, ಇಲ್ಲಾ ಹಿತ್ತಲಲ್ಲೇ ಕೋಲು ಗೀರಿ ತಂದು ಕೊಟ್ಯೋ?"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಹಾಲಮ್ಮ ಆ ದನಿ ಕೇಳಿರಲಿಲ್ಲ. ಅದು ಓವರ್‌ಸೀಯರ್ ದನಿ.

ಅವಳು ಹಿಂಡಿದ ಪಂಚೆಯನ್ನು ಮತ್ತೆ ಹಿಂಡಿದಳು. ಒಂದು ಹನಿಯೂ ಬೀಳಲಿಲ್ಲ. ಹೇಳಿದರೆ ಸರ್ಕಾರದ ಸಾಮಾನು ಮುಟ್ಟಿದ ತಪ್ಪು ತನ್ನ ತಲೆಗೆ. ಹೇಳದಿದ್ದರೆ ಈ ಮನುಷ್ಯ ಮಧ್ಯಾಹ್ನ ಹೋಗಿ, ತಾನು ಮಾಡದ ಮೋಸಕ್ಕೆ ತನ್ನ ಕೈಯಾರೆ ರುಜು ಹಾಕಿ ಬರುತ್ತಾನೆ.

"ಬಂದಿದ್ದೆ," ಅಂದಳು. "ಬಂದಿದ್ದಕ್ಕೇ ಹಿಂಗಾಗಿದ್ದು. ನಮ್ಮೆಮ್ಮೆ ನೀರಲ್ಲಿ ಬಿದ್ಕೊಂಡು ಕುತ್ತಿಗೆ ತಿಕ್ಕಿ ತಿಕ್ಕಿ ಹಲಗೇನ ವಾಲಿಸಿಬಿಟ್ಟಿತ್ತು. ನಿಮಗೆ ಹೇಳಿದ್ರೆ ಜ್ವರದಲ್ಲೇ ಎದ್ದು ಓಡಿ ಬರ್ತಿದ್ರಿ. ನಾನೇ ಸೊಂಟದ ತನಕ ಇಳಿದು ನೆಟ್ಟಗೆ ನಿಲ್ಲಿಸ್ದೆ. ಇನ್ನೊಂದ್ಸಲ ಬೀಳದಿರ್ಲಿ ಅಂತ ಗುಂಡುಕಲ್ಲು ತಗೊಂಡು ತಲೆ ಮೇಲೆ ಬಡಿದೆ."

"ಎಷ್ಟು ಬಡಿದೆ?" ಪುಟ್ಟಯ್ಯನ ದನಿ ಸಣ್ಣದಾಗಿತ್ತು.

"ಗಟ್ಟಿಯಾಗೋ ತನಕ."

"ಅಯ್ಯೋ, ಅದು ಇಳಿದಷ್ಟೂ ನೀರು ಏರಿದ ಲೆಕ್ಕ ಕಣೇ!"

"ನನಗೇನ್ ಗೊತ್ತು? ಗೂಟ ಗಟ್ಟಿಯಾಗಿರ್ಬೇಕು ಅಷ್ಟೇ ನನಗೆ ಗೊತ್ತಿದ್ದದ್ದು."

ಷಡಕ್ಷರಪ್ಪ ಹಲಗೆಯ ತಲೆ ನೋಡಿದ. ಅದು ಸೀಳಿ, ಜಜ್ಜಿಹೋಗಿದ್ದು ನಿಜ. ಆದರೆ ಅವನು ಪುಸ್ತಕವನ್ನು ಕಂಕುಳಿಗೆ ಇನ್ನೂ ಬಿಗಿಯಾಗಿ ಸಿಕ್ಕಿಸಿಕೊಂಡ. "ಚೆನ್ನಾಗಿದೆ ಕಥೆ. ಗಂಡನ್ನ ಉಳಿಸೋಕೆ ನಿಂತ ನಿಲುವಲ್ಲೇ ಕಟ್ಟಿದೆಯಲ್ಲ! ಹಲಗೆ ಮೊದಲು ಎಷ್ಟು ಆಳ ಇತ್ತು ಅಂತ ನೆಟ್ಟೋನು ಬರೆದಿಟ್ಟಿಲ್ಲ. ಇನ್ನು ಯಾರು ಏನು ಹೇಳಿದರೂ ನಡೆಯುತ್ತೆ."

ಹಾಲಮ್ಮನಿಗೆ ಅಲ್ಲಿಯವರೆಗೆ ಇದ್ದದ್ದು ಹೆದರಿಕೆ. ಈಗ ಸಿಟ್ಟು ಬಂತು. "ಕೈ ಇದೆಯಲ್ಲ ಸ್ವಾಮಿ ನಿಮಗೆ? ಇಳಿದು ಮುಟ್ಟಿ ನೋಡಿ. ನೆಡೋವಾಗ ನಾವೆಲ್ಲ ಇಲ್ಲೇ ಇದ್ವಿ. ಬುಡಕ್ಕೆ ಟಾರು ಬಳಿದಿದ್ರು. ಟಾರು ಅಷ್ಟೂ ಮಣ್ಣೊಳಗೆ, ಅಂಕಿ ಶುರುವಾಗೋದು ಮಣ್ಣಿಂದ ಮೇಲಕ್ಕೆ. ನಾನು ಹೇಳೋದು ಸುಳ್ಳಾದ್ರೆ ಇವತ್ತೂ ಹಂಗೇ ಇರ್ಬೇಕು."

ಷಡಕ್ಷರಪ್ಪ ಒಮ್ಮೆ ಹೆಂಗಸರನ್ನು, ಒಮ್ಮೆ ನೀರನ್ನು ನೋಡಿ, ಪುಸ್ತಕ ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ.

"ಜೋಪಾನ ಸ್ವಾಮಿ, ಪಾಚಿ ಇದೆ," ಅಂದಳು ಈಶ್ವರಮ್ಮ. "ಬೂಟು ನಾನು ಕಾಯ್ತೀನಿ. ಕಂಬದ ಹಿಂದೆ ನಿಂತಲ್ಲ, ಎದುರಿಗೇ."

ಅವನು ಗುಂಡಿಗಿಳಿದ. ಬಗ್ಗಿದ. ಭುಜ ಮುಳುಗಿತು, ಗಲ್ಲ ನೀರಿಗೆ ತಾಗಿತು. ಕಣ್ಣು ಮುಚ್ಚಿ ಕುರುಡನ ಹಾಗೆ ಕೈಯಾಡಿಸುತ್ತ, ಮಣ್ಣು ಬಗೆದು ಬಗೆದು ಮೇಲೆ ಎಸೆದ. ಒಂದು ಗಳಿಗೆ ಹಾಗೇ ಇದ್ದ. ಅವನ ಬೆರಳು ಮಣ್ಣಿನೊಳಗೆ ಕೊರೆದ ಅಂಕಿಯೊಂದನ್ನು ಮುಟ್ಟಿ, ಅದರ ಸುತ್ತ ತಿರುಗಿ, ಇನ್ನೂ ಕೆಳಗೆ ಹೋಗಿ ಒರಟು ಟಾರಿಗೆ ತಾಗಿತ್ತು. ಎದ್ದಾಗ ತೋಳೆಲ್ಲ ಕೆಸರು. ಟಾರಿನ ಅಂಚಿನಿಂದ ಮಣ್ಣಿನ ಮಟ್ಟದ ತನಕ ಅಳೆದ ಬಲಗೈಯ ಹೆಬ್ಬೆರಳು, ಕಿರುಬೆರಳು ಅಗಲಿಸಿ ಹಿಡಿದಿದ್ದ. ಅಳತೆ ಜಾರಿಹೋಗದಂತೆ ಹಾಗೇ ಹಿಡಿದು ಮೆಟ್ಟಿಲಿಗೆ ಬಂದು, ಜೇಬಿನ ಅಡಿಕೋಲಿಗೆ ಇಟ್ಟು ನೋಡಿದ.

"ಒಂಬತ್ತಿಂಚು," ಅಂದ, ಯಾರಿಗೆಂದಿಲ್ಲದೆ. "ಎರಡಡಿ ಒಂದರಲ್ಲಿ ಒಂಬತ್ತು ಕಳೆದರೆ... ಒಂದಡಿ ನಾಲ್ಕು."

"ಎಲ್ಲಾ ವರ್ಷಕ್ಕಿಂತ ಕಮ್ಮಿ," ಅಂದ ಪುಟ್ಟಯ್ಯ.

"ನಾನೇ ಹೇಳ್ಲಿಲ್ವಾ ಹಂಡೆ ಕಲ್ಲು ಅಂತ!" ಅಂದಳು ಈಶ್ವರಮ್ಮ.

ಷಡಕ್ಷರಪ್ಪ ಒದ್ದೆ ಅಂಗಿಯ ತೋಳು ಹಿಂಡಿಕೊಂಡ. ಆಮೇಲೆ ಪುಸ್ತಕ ತೆಗೆದು ಪುಟ್ಟಯ್ಯನ ಮುಂದಿಟ್ಟ. "ಹಲಗೆ ಕುಸಿದದ್ದು ಯಾಕೆ ಅಂತ ಬರೀಬೇಕಾಗುತ್ತೆ. ಪ್ರವಾಹಕ್ಕೆ ಕುಸೀತು ಅಂತ ಹಾಕಿಬಿಡಿ. ಆಫೀಸಿನ ಆಳಿನ ಹೆಂಡತಿ ಬಡಿದಳು ಅಂತ ಮೇಲಿನವರು ಓದಿದರೆ ನಿಮಗೇ ತೊಂದರೆ."

ಪುಟ್ಟಯ್ಯ ಪೆನ್ಸಿಲು ನಾಲಿಗೆಗೆ ತಾಗಿಸಿಕೊಂಡ. "ಸಂಕ್ರಾಂತೀಲಿ ಪ್ರವಾಹ ಎಲ್ಲಿಂದ ತರ್ಲಿ ಸ್ವಾಮಿ? ನೋಡದೆ ಬರೆದ ಹಂಗಾಗುತ್ತೆ."

ಅವನು ಬರೆದ. ನಾಲ್ಕು ಸಾಲು, ಒಂದೊಂದು ಅಕ್ಷರಕ್ಕೂ ನಿಂತು ನಿಂತು. ಹಾಲಮ್ಮ ದೂರದಿಂದಲೇ ಕತ್ತು ಚಾಚಿ ನೋಡುತ್ತಿದ್ದಳು.

"ಏನ್ ಬರೆದ್ರಿ?"

"ಆಗಿದ್ದನ್ನ."

"ಎಮ್ಮೇನೂ ಹಾಕಿದ್ರಾ?"

"ಹಾಕಿದ್ದೀನಿ."

"ನನ್ನ?"

ಪುಟ್ಟಯ್ಯ ಪುಸ್ತಕವನ್ನು ಅವಳ ಕಡೆ ತಿರುಗಿಸಿ ಮೂರು ಅಕ್ಷರದ ಕೆಳಗೆ ಬೆರಳಿಟ್ಟ. "ಇದು ನೀನು." ಅವಳು ಅದನ್ನು ಸಂತೆಯಲ್ಲಿ ಗುರುತಿಲ್ಲದ ವ್ಯಾಪಾರಿಯ ತಕ್ಕಡಿ ನೋಡುವಂತೆ ನೋಡಿದಳು. "ಇಷ್ಟೇನಾ?" ಅಂದಳು. ಹಿತ್ತಲಲ್ಲೇ ಕೋಲು ಗೀರಿದ್ಯೋ ಅಂತ ತನ್ನನ್ನು ಶಂಕಿಸಿದ್ದಕ್ಕೆ ಅವನು ಇನ್ನೇನಾದರೂ ಹೇಳುತ್ತಾನೇನೋ ಅಂತ ಒಂದು ಕ್ಷಣ ಕಾದಳು. ಅವನು ಪುಸ್ತಕ ಮುಚ್ಚಿದ.

ಷಡಕ್ಷರಪ್ಪ ಬೂಟನ್ನು ಕೈಯಲ್ಲೇ ಹಿಡಿದು ಮೆಟ್ಟಿಲೇರಿದ. ಮಂಟಪದ ಹತ್ತಿರ ನಿಂತು ತಿರುಗಿದ. "ನಾಳೆ ಏಳಕ್ಕೆ ಕಂಬ ನೆಡೋದು. ನೀವಿಬ್ಬರೂ ಬನ್ನಿ." ಬೇರೆ ಆಳಿನ ಮಾತು ಎತ್ತಲಿಲ್ಲ. ಎತ್ತದೆ ಹೋದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಪುಟ್ಟಯ್ಯನಿಗೆ ತಿಳಿಯಲಿಲ್ಲ.

ಮರುದಿನ ಭದ್ರಾವತಿಯ ಗಾಡಿ ಬಂತು. ನಾಲ್ಕು ಜನ ಇಳಿಸಿದ ಎರಕದ ಕಂಬವನ್ನು ಗುಂಡಿಯಲ್ಲಿ ನಿಲ್ಲಿಸಿದಾಗ, ಹಳೆಯ ಹಲಗೆಯ ಬುಡ ಎಲ್ಲಿತ್ತು ಅಂತ ಕಾಲಲ್ಲೇ ತಡವಿ ತೋರಿಸಿದ್ದು ಹಾಲಮ್ಮ. ಹಿಡಿದುಕೊಳ್ಳಲು ಅವಳನ್ನೇ ನಿಲ್ಲಿಸಿದರು. ಪುಟ್ಟಯ್ಯ ಅವಳ ಕಾಲ ಬಳಿ ಬಗ್ಗಿ ಇಟ್ಟಿಗೆ ಜೋಡಿಸುತ್ತಿದ್ದ. ಮೆಟ್ಟಿಲ ಮೇಲೆ ಷಡಕ್ಷರಪ್ಪ ಮಟ್ಟ ನೋಡುವ ಹಿತ್ತಾಳೆಯ ದುರ್ಬೀನಿಗೆ ಕಣ್ಣಿಟ್ಟು, "ಅಲ್ಲಾಡಬೇಡಿ ಅಮ್ಮಾ," ಅಂದ.

ಹಾಲಮ್ಮ ಎರಡೂ ಕೈಯಲ್ಲಿ ಕಂಬ ಹಿಡಿದು, ಉಸಿರು ಬಿಗಿಹಿಡಿದು ನಿಂತಳು. ಕಣ್ಣು ಮಾತ್ರ ದಡದ ಬೇವಿನ ಮರದ ಕಡೆಗಿತ್ತು. ಅಲ್ಲಿ ಗಿಡ್ಡ ಹಗ್ಗದಲ್ಲಿ ಕಟ್ಟಿದ್ದ ಎಮ್ಮೆ, ಕುತ್ತಿಗೆ ಚಾಚಿ, ನೀರನ್ನೇ ನೋಡುತ್ತಿತ್ತು.