ತಂದೆಯ ಜಾಗ

ಕಂಪ್ಯೂಟರಿಗೆ ವಿದ್ಯಾರ್ಥಿನಿ ಒಂದು ಆಬ್ಜೆಕ್ಟ್, ವಿವರಗಳ ಒಂದು ಗಂಟು. ಅದರೊಳಗೆ ವಿಳಾಸ, ಅಂಕ, ತಂದೆ. ತಂದೆಯೊಳಗೆ ಮತ್ತೆ ಹೆಸರು, ಉದ್ಯೋಗ, ಆದಾಯ. ಮೂಡುಬಿದಿರೆಯ ಕಾಲೇಜಿನಲ್ಲಿ ತುಂಬಿದ ವಿದ್ಯಾರ್ಥಿವೇತನದ ಅರ್ಜಿ ಹೀಗೆ ಒಂದೇ ಗಂಟಾಗಿ ಇಂಟರ್ನೆಟ್ ಮೂಲಕ ಬೆಂಗಳೂರಿನ ಟ್ರಸ್ಟಿನ ವೆಬ್ ಸರ್ವಿಸ್‌ಗೆ ಹೋಗಬೇಕಿತ್ತು. ಒಂದು ಜಾಗ ಖಾಲಿಯಿದ್ದರೂ ಇಡೀ ಗಂಟು ವಾಪಸ್. ತಾಯಿಗೆ ಅದರಲ್ಲಿ ಜಾಗವೇ ಇರಲಿಲ್ಲ.

ಅದನ್ನು ಕಳಿಸುವ ಪ್ರೋಗ್ರಾಂ ಬರೆಯುತ್ತಿದ್ದ ವಿಸ್ಮಿತಾ ತಾನು ಕೆಲಸಕ್ಕಿದ್ದ ಕಂಪ್ಯೂಟರ್ ಅಂಗಡಿಯ ಮಾಲೀಕರನ್ನು ಕೇಳಿದಳು. "ದಯಾನಂದ ಸರ್, ತಂದೆ ಇಲ್ಲದವರು ಏನು ಮಾಡುವುದು? ತಾಯಿಗೂ ಒಂದು ಜಾಗ ಕೇಳುವ."

"ಅವರ ಸರ್ವಿಸ್ ಅವರದ್ದು ಮಾರಾಯ್ತಿ. ಏನಾದರೊಂದು ಹೆಸರು ಹಾಕಿ ಕಳಿಸು, ಹೋಗ್ತದಾ ನೋಡುವ."

ಖಾಲಿಯಿದ್ದಲ್ಲಿ ತಾನಾಗಿ ಸೇರುವಂತೆ ಅವಳು ಒಂದು ಹೆಸರು ಬರೆದಳು: ಪದ್ಮಯ್ಯ, ಕೃಷಿ, ಬಾಯಿಗೆ ಬಂದ ಒಂದು ಆದಾಯ. ಯೋಚಿಸಿ ಬರೆದದ್ದಲ್ಲ, ಕೈಗೆ ಅಭ್ಯಾಸವಾಗಿದ್ದ ಹೆಸರು. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ಗುರುವಾಯನಕೆರೆಯ ಇನ್ನೊಂದು ಮನೆ ಸೇರಿದ್ದ. ಆಮೇಲೂ ಅಮ್ಮ ಪೂವಮ್ಮ ಶಾಲೆಯ ಪ್ರತಿ ಅರ್ಜಿಯಲ್ಲಿ ಅವನ ಹೆಸರನ್ನೇ ಬರೆಸುತ್ತಿದ್ದಳು. "ಖಾಲಿ ಬಿಟ್ಟರೆ ಜನ ಕೇಳ್ತಾರೆ."

ಗಂಟು ಹೋಯಿತು. ಮರುದಿನ ಆ ಹೆಸರು ತೆಗೆಯೋಣವೆಂದು ಬಂದರೆ, ದಯಾನಂದ ಬೆಳಿಗ್ಗೆಯೇ ಪ್ರೋಗ್ರಾಮಿನ ಸಿ.ಡಿ. ಒಯ್ದು ಕಾಲೇಜಿನಲ್ಲಿ ಹಾಕಿಸಿದ್ದರು. ಆ ಹೆಸರು ಒಳಗೇ ಉಳಿದಿದೆ ಎಂದು ಅವಳು ಹೇಳಿದಳು. "ಹೋಗ್ತದಲ್ಲ, ಇನ್ನೇನು?" ಎಂದರು.

ಮಳೆಗಾಲ ಮುಗಿಯುವ ಹೊತ್ತಿಗೆ ಮೆಲ್ಕಾರಿನಿಂದ ಝೈನಬ್, ಆ ಕಾಲೇಜಿನಲ್ಲಿ ಓದುವ ಮಗಳು ಶಮ್ನಾಳನ್ನು ಕರೆದುಕೊಂಡು ಅಂಗಡಿಗೆ ಬಂದಳು. ಟ್ರಸ್ಟಿನ ಪತ್ರವನ್ನು ಮೇಜಿನ ಮೇಲಿಟ್ಟಳು.

"ನನ್ನ ಗಂಡ ಇದಿನಬ್ಬ ತೀರಿಹೋಗಿ ಎಷ್ಟೋ ವರ್ಷ ಆಯ್ತು. ಈ ಪದ್ಮಯ್ಯ ಯಾರು? ನನಗೇ ಗೊತ್ತಿಲ್ಲದೆ ನನಗೆ ಮದುವೆ ಮಾಡಿಸಿದ್ದೀರಾ?"

ದಯಾನಂದ ಜೋರಾಗಿ ನಕ್ಕರು. "ಅರ್ಜಿ ತುಂಬಿದವರು ತಪ್ಪು ಹೊಡೆದಿರಬೇಕು."

"ನಗಬೇಡಿ ಸರ್. ತಂದೆಯ ಹೆಸರು ಸರಿಯಿಲ್ಲವೆಂದು ಬ್ಯಾಂಕಿನವರು ಹಿಂದೆ ಕಳಿಸಿದ್ದಾರೆ. ಈ ಹಣ ಬರದಿದ್ದರೆ ಇವಳು ನಾಳೆಯಿಂದ ಕಾಲೇಜಿಗಿಲ್ಲ."

"ಅವರ ತಪ್ಪಲ್ಲ, ಅದು ನಾನು ಹಾಕಿದ್ದು" ಎಂದಳು ವಿಸ್ಮಿತಾ. ದಯಾನಂದರ ನಗು ನಿಂತಿತು.

ಅವಳು ಪದ್ಮಯ್ಯನನ್ನು ಪ್ರೋಗ್ರಾಮಿನಿಂದಲೇ ತೆಗೆದು, ಇದಿನಬ್ಬ ಎಂದು ತಿದ್ದಿ ಕಳಿಸಿದಳು. ವಾಪಸ್ ಬಂತು: ಉದ್ಯೋಗ ಇಲ್ಲ. 'ಮೃತ' ಎಂದು ಹಾಕಿದಳು. ಮತ್ತೆ ವಾಪಸ್: ಆದಾಯ ಇಲ್ಲ.

"ನೀವು ಏನು ಕೆಲಸ ಮಾಡ್ತೀರಿ?"

"ಬೀಡಿ ಕಟ್ತೇನೆ."

ಝೈನಬಳ ಕೆಲಸ, ಝೈನಬಳ ಆದಾಯ, ಎರಡನ್ನೂ ಇದಿನಬ್ಬನ ಒಳಗೆ ತುಂಬಿದಳು. ಈ ಸಲ ಒಪ್ಪಿಗೆ ಬಂತು. ಹೊಸ ಪತ್ರವೂ ಅಲ್ಲೇ ಪರದೆಯಲ್ಲಿ ಬಂತು; ಅಚ್ಚು ಹಾಕಿ ಕೊಟ್ಟಳು.

ಝೈನಬ್ ಅದನ್ನು ಮಗಳಿಂದ ಓದಿಸಿಕೊಂಡಳು. "ಬದುಕಿದ್ದಾಗ ಬೀಡಿ ಸೇದಿದವರೇ ಹೊರತು ಒಂದಾದರೂ ಕಟ್ಟಿದವರಲ್ಲ. ಸತ್ತ ಮೇಲೆ ದುಡಿಯಲಿಕ್ಕೆ ಶುರು ಮಾಡಿದ್ರು ನೋಡು."

ಶಮ್ನಾ ಪತ್ರವನ್ನು ಪುಸ್ತಕದೊಳಗೆ ಜೋಪಾನವಾಗಿ ಇಟ್ಟುಕೊಂಡಳು. ಹೊರಟ ಝೈನಬ್ ಮೆಟ್ಟಿಲ ಹತ್ತಿರ ನಿಂತು ತಿರುಗಿದಳು.

"ಅಲ್ಲ ಮಗಳೇ, ಆ ಪದ್ಮಯ್ಯ ಯಾರು, ಹೇಳಲೇ ಇಲ್ಲ?"

ವಿಸ್ಮಿತಾ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಯಾರೂ ಅಲ್ಲ. ಖಾಲಿ ಬಿಡಬಾರದೆಂದು ಹಾಕಿದ ಹೆಸರು."